ಆಟದಲ್ಲಷ್ಟೇ ಮಾತಾಡಿದ ವರ್ಷ

ಕಳೆದ ವಾರ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಶಾಲೆಯ ನಾಲ್ಕು ಹುಡುಗಿಯರು ಪಡಸಾಲೆಯ ಕಲ್ಲಿನ ಮೇಲೆ ಚಾಕ್‌ಪೀಸಿನಿಂದ ಚೌಕಾಬಾರದ ಮನೆ ಗೀಚಿಕೊಂಡು ಕೂತಿದ್ದರು. ಕವಡೆ ಇರಲಿಲ್ಲ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಉಜ್ಜಿದ ಬೀಜದ ಆ ಸುಟ್ಟಂಥ ವಾಸನೆ ನಾನಿದ್ದ ಕೋಣೆಯವರೆಗೂ ಬಂತು. ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಒಬ್ಬಳು ಇನ್ನೊಬ್ಬಳ ಬೆನ್ನಿಗೆ ಗುದ್ದಿ ಕೂಗಿದಳು: "ಕಡಿ ಬೇ, ಕಡಿ! ಬಿಡಬ್ಯಾಡ ಅಕಿನ್ನ!"

ನನಗೆ ಗೊತ್ತಿಲ್ಲದೆಯೇ ಹಲ್ಲು ಕಚ್ಚಿದ್ದೆ. ಇಷ್ಟು ವರ್ಷವಾದ ಮೇಲೂ.

ಚೌಕಾಬಾರ ಎಂದರೆ ಹೆಂಗಸರು ಬೇಸರ ಕಳೆಯಲು ಆಡುವ ಆಟ ಎಂದು ತಿಳಿದವರು ನನ್ನ ಅತ್ತೆ ಶಂಕ್ರಮ್ಮನ ಎದುರು ಕೂತವರಲ್ಲ. ಅತ್ತೆ ಈಗಿಲ್ಲ. ಹೋದವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕಂತೆ. ಆಡುವವರು ಆಡಲಿ. ನಾವಿಬ್ಬರೂ ಕೊನೆಯವರೆಗೂ ರಾಜಿಯಾಗಲಿಲ್ಲ. ಆಕೆ ಬದುಕಿದ್ದರೆ, ರಾಜಿಯಾದೆವು ಎಂದು ನಾನು ಸುಳ್ಳು ಬರೆದರೆ, ಮೊದಲು ಉಗಿಯುವವಳು ಆಕೆಯೇ.

ತೊಂಬತ್ತರ ದಶಕದ ನಡುವಿನ ಮಾತು. ಬೇಸಿಗೆಯಲ್ಲಿ ನನ್ನ ಮದುವೆಯಾಗಿ ಗುರುಗುಂಟಾದಿಂದ ಸಿಂಧನೂರಿಗೆ ಬಂದೆ. ಅಪ್ಪನಿಗೆ ಗುರುಗುಂಟಾದಲ್ಲಿ ಸ್ವಲ್ಪ ಒಣಭೂಮಿ, ಒಂದು ಹಿಂಡು ಕುರಿ. ಕುರಿ ಕಾಯುತ್ತಲೇ ಆತ ನನ್ನನ್ನು ಲಿಂಗಸೂಗೂರಿನ ಹಾಸ್ಟೆಲಿನಲ್ಲಿಟ್ಟು ಟಿ.ಸಿ.ಎಚ್. ಓದಿಸಿದ್ದ. ಮಗಳು ಟೀಚರಾಗಬೇಕು ಅನ್ನುವುದು ಅವನಿಗಿದ್ದ ಒಂದೇ ಹಟ. ನಿಶ್ಚಯದ ದಿನ ನಾಲ್ಕು ಹಿರಿಯರ ಮುಂದೆ ಆ ಮಾತನ್ನೇ ಮೊದಲು ಎತ್ತಿದ. ಆಗ ಅತ್ತೆ ಎಲೆ ಅಡಿಕೆ ಮೆಲ್ಲುತ್ತ, "ಆಗ್ಲಿ ಬಿಡ್ರಿ. ಓದಿದಾಕಿನ್ನ ಮನ್ಯಾಗ ಕುಂದ್ರಿಸಿ ಏನ್ಮಾಡೂಣು?" ಅಂದಿದ್ದಳು. ನಾನು ಒಳಗೆ ಕದದ ಹಿಂದೆ ನಿಂತು ಕೇಳಿಸಿಕೊಂಡಿದ್ದೆ.

ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು. ಇವತ್ತು ರಾಯಚೂರು, ನಾಳೆ ಹೈದರಾಬಾದ್. ಮನೆಯಲ್ಲಿರುತ್ತಿದ್ದದ್ದಕ್ಕಿಂತ ಬಸ್ಸಿನಲ್ಲಿರುತ್ತಿದ್ದದ್ದೇ ಹೆಚ್ಚು. ಮೈದುನ ಮಂಜು ಬಸ್‌ಸ್ಟ್ಯಾಂಡ್ ಹತ್ತಿರ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ. ಮಾವ ಬಹಳ ಹಿಂದೆಯೇ ಹೋಗಿದ್ದರು. ಮನೆಮನೆಗೆ ರೊಟ್ಟಿ ಬಡಿದು ಕೊಟ್ಟು ಎರಡು ಮಕ್ಕಳನ್ನು ಸಾಕಿ ಮನೆ ಕಟ್ಟಿದವಳು ಅತ್ತೆ. ಹೀಗಾಗಿ ಆ ಮನೆಯಲ್ಲಿ ಆಕೆಯ ಮಾತೇ ಹುಕುಂ. ಗಂಡಸರಿಬ್ಬರೂ ಆಕೆಯ ಮುಂದೆ ಚಪ್ಪಲಿಯನ್ನೂ ಸದ್ದಾಗದಂತೆ ಬಿಡುತ್ತಿದ್ದರು.

ಮದುವೆಯಾದ ಕೆಲವೇ ದಿನಕ್ಕೆ ಅಪ್ಪ ಟೀಚರ್ ನೌಕರಿಯ ಇಂಟರ್‌ವ್ಯೂ ಕಾರ್ಡು ಹಿಡಿದುಕೊಂಡು ಬಂದ. ಅದು ತವರಿನ ವಿಳಾಸಕ್ಕೆ ಬಂದಿತ್ತು. ಬಿಸಿಲಲ್ಲಿ ನಡೆದು ಬಂದವನ ಮುಖ ಕೆಂಪಾಗಿತ್ತು, ಕಣ್ಣಲ್ಲಿ ಮಾತ್ರ ಹಬ್ಬ. ನಾನು ನೀರು ತರುವಷ್ಟರಲ್ಲಿ ಅತ್ತೆ ಎದುರಿಗೆ ಬಂದು ಕೂತಾಗಿತ್ತು.

"ಅದೆಲ್ಲಾ ಆಗಂಗಿಲ್ರಿ" ಅಂದಳು.

ಅಪ್ಪ ನಗುತ್ತಲೇ, "ಹಂಗಂದ್ರ ಹೆಂಗ ತಂಗಿ? ನಿಶ್ಚಯದಾಗ ನೀವ ಹೂಂ ಅಂದಿದ್ರೆಲ್ಲ" ಅಂದ.

"ನಿಶ್ಚಯದಾಗ ಮಂದಿ ನೂರು ಮಾತಾಡ್ತಾರ. ನನ್ನ ಸೊಸಿ ಬಸ್ಸಿನ್ಯಾಗ ನೇತಾಡಕೋತ ಹೋಗಿ ದುಡಿದು ತರಬೇಕಂದ್ರ ನನ್ನ ಮಗ ಕೈಲಾಗದಾವ ಏನು?"

"ಅವರು ಕೈಲಾಗದಾವ್ರು ಅಂತ ಯಾರಂದಾರ? ಹುಡುಗಿ ಕಷ್ಟಪಟ್ಟು ಓದ್ಯಾಳ..."

ಆಗ ಅತ್ತೆ ಆ ಮಾತಂದಳು. "ಕುರಿ ಹಿಂದ ತಿರುಗೋರಿಗೆ ಮನಿ ಸೊಸಿ ಹೆಂಗ ಇರಬೇಕಂತ ಏನ್ ಗೊತ್ತಾಗ್ತೈತಿ?"

ಅಪ್ಪ ನೀರಿನ ತಂಬಿಗೆಯನ್ನು ಮುಟ್ಟಲಿಲ್ಲ. ಕಾರ್ಡನ್ನು ನನ್ನ ಕೈಗೆ ಕೊಟ್ಟು, ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು, "ಬರ್ತೀನವ್ವಾ" ಅಂದು ಹೊರಟ. ಊಟ ಮಾಡಿ ಹೋಗು ಎಂದು ಕರೆಯಲು ನನ್ನ ಬಾಯಿ ಏಳಲಿಲ್ಲ. ಆ ಮನೆಯ ಅನ್ನ ಅವನ ಗಂಟಲಿಗೆ ಇಳಿಯುವುದು ನನಗೂ ಬೇಡವಾಗಿತ್ತು.

ಗಂಡ ಬಂದ ಮೇಲೆ ಹೇಳಿದೆ. ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬಹಳ ಹೊತ್ತು ಅದನ್ನೇ ನೋಡಿ, "ಒಂದು ವರ್ಷ ತಡಿ ನೀಲಾ. ಮುಂದಿನ ಸಲ ನೋಡೂಣು. ಈಗ ಅವ್ವನ ಕೂಡ ತಕರಾರು ಬ್ಯಾಡ" ಅಂದರು. ಇಂಟರ್‌ವ್ಯೂ ದಿನ ನಾನು ಸಿಂಧನೂರಿನ ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಅವತ್ತಿನಿಂದ ಅತ್ತೆಯೊಂದಿಗೆ ಮಾತು ಬಿಟ್ಟೆ. ಮರುದಿನ ಅದು ಆಕೆಯ ಗಮನಕ್ಕೆ ಬಂತು. ಆಕೆಯೂ ಬಿಟ್ಟಳು.

ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಮಾತಾಡದೆ ಇರುವುದು ಸುಲಭದ ಕೆಲಸವಲ್ಲ. ಹಾಲು ಉಕ್ಕಿದರೆ ಅತ್ತೆ ಗೋಡೆಗೆ ಹೇಳುತ್ತಿದ್ದಳು: "ಹಾಲು ಉಕ್ಕಾಕತ್ತೈತಿ. ಯಾರಿಗರ ಕಣ್ಣದಾವೋ ಇಲ್ಲೋ." ನಾನು ಬೆಕ್ಕಿಗೆ ಹೇಳುತ್ತಿದ್ದೆ: "ಉಪ್ಪು ಮುಗಿದೈತಿ, ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡ ಮತ್ತ." ಮಂಜು ಮೊದಮೊದಲು ನಕ್ಕ. ಆಮೇಲೆ ಊಟಕ್ಕೂ ಅಂಗಡಿಯಲ್ಲೇ ಇರತೊಡಗಿದ.

ಮಳೆಗಾಲ ಬಂತು. ಸಿಂಧನೂರಿನ ಮಳೆಗಾಲವೆಂದರೆ ಮೋಡಕ್ಕಿಂತ ಕಾಲುವೆಯೇ. ಕಾಲುವೆಗೆ ನೀರು ಬಿಟ್ಟರೆ ಮುಕ್ಕುಂದದ ಕಡೆಗೂ ದಢೇಸುಗೂರಿನ ಕಡೆಗೂ ಗದ್ದೆಗಳೆಲ್ಲ ಕನ್ನಡಿಯಂತೆ ನೀರು ತುಂಬಿಕೊಳ್ಳುತ್ತಿದ್ದವು. ಒಣಹೊಲದಲ್ಲಿ ಬೆಳೆದ ನನಗೆ ಆ ಹಸಿ ನೆಲದ ಸೆಕೆ, ಸಂಜೆ ಮುತ್ತುವ ಸೊಳ್ಳೆ, ಹಾಸಿಗೆಯೂ ಹಿಟ್ಟೂ ಮೆತ್ತಗಾಗುವುದು ಎಲ್ಲ ಅಸಹ್ಯವಾಗುತ್ತಿತ್ತು. ಮಧ್ಯಾಹ್ನಗಳಂತೂ ಮುಗಿಯುತ್ತಲೇ ಇರಲಿಲ್ಲ.

ಆ ಮಧ್ಯಾಹ್ನಗಳಲ್ಲಿ ಅತ್ತೆ ಚೌಕಾಬಾರ ಆಡುತ್ತಿದ್ದಳು. ನಮ್ಮ ಪಡಸಾಲೆಯ ಗಾರೆ ನೆಲದಲ್ಲಿ ಆಟದ ಮನೆಯನ್ನು ಕೊರೆದೇ ಇಟ್ಟಿದ್ದರು. ಪಕ್ಕದ ಮನೆಯ ಸೀತಾರಾವಮ್ಮ ಬರುತ್ತಿದ್ದರು. ಅವರು ಕಾಲುವೆ ನೀರಿಗೆಂದು ಆಂಧ್ರದ ರೈತರು ಬಂದು ನೆಲೆಸಿದ, ದಢೇಸುಗೂರಿನ ಹತ್ತಿರದ ಕ್ಯಾಂಪಿನಿಂದ ಬಂದ ತೆಲುಗಿನವರು, ದಪ್ಪಗೆ, ನಗುಮುಖದವರು. ಇನ್ನಿಬ್ಬರು ಓಣಿಯವರು ಕೂಡುತ್ತಿದ್ದರು. ಒಂದು ದಿನ ಅವರಲ್ಲೊಬ್ಬಾಕೆ ನಾಟಿಗೆ ಹೋಗಿ ನಾಲ್ಕನೆಯ ಆಳಿಲ್ಲದಾಯಿತು. ಸೀತಾರಾವಮ್ಮ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದೆಳೆದರು. "ರಾ ಅಮ್ಮಾ, ಒಂದು ಆಟ. ಮಾತಾಡೋದು ಬ್ಯಾಡ, ಕವಡಿ ಹಾಕಿದ್ರ ಸಾಕು."

ಅತ್ತೆಯ ಎದುರಿನ ಮಗ್ಗುಲಲ್ಲಿ ಕೂತೆ. ಆಕೆ ಬೇಡ ಅನ್ನಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಕವಡೆ ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಟ್ಟನಡುವಿನ ಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು. ದಾರಿಯಲ್ಲಿ ನಿಮ್ಮ ಕಾಯಿ ಕೂತ ಮನೆಗೆ ಇನ್ನೊಬ್ಬರ ಕಾಯಿ ಬಂದರೆ ನಿಮ್ಮದನ್ನು ಕಡಿದಂತೆ. ಅದು ಮತ್ತೆ ಮೊದಲಿನಿಂದ ನಡೆಯಬೇಕು. ಗುಣಾಕಾರದ ಗುರುತಿದ್ದ ಕಟ್ಟೆಯ ಮನೆಯಲ್ಲಿದ್ದರೆ ಮಾತ್ರ ಯಾರೂ ಕಡಿಯುವಂತಿಲ್ಲ.

ಎಲ್ಲರೂ ಹಣ್ಣಾಗಲು ಆಡುತ್ತಾರೆ. ಅತ್ತೆ ನನ್ನನ್ನು ಕಡಿಯಲು ಆಡಿದಳು. ತನ್ನ ಕಾಯಿ ಹಣ್ಣಿಗೆ ಒಂದೇ ಹೆಜ್ಜೆ ಇದ್ದರೂ ಅದನ್ನು ಬಿಟ್ಟು ಹಿಂದಿನ ಕಾಯಿ ಎತ್ತಿ ನನ್ನ ಬೆನ್ನು ಹತ್ತುತ್ತಿದ್ದಳು. ಕಡಿದಾಗ ನನ್ನ ಕಾಯಿಯನ್ನು ಕೈಯಿಂದ ಎತ್ತುತ್ತಿರಲಿಲ್ಲ. ತೋರುಬೆರಳಿನಿಂದ ಚಿಮ್ಮುತ್ತಿದ್ದಳು. ಅದು ಉರುಳಿ ಹೊಸ್ತಿಲಿಗೆ ಹೋಗಿ ಬೀಳುತ್ತಿತ್ತು. ನಾನು ಎದ್ದು ಹೋಗಿ ಆರಿಸಿಕೊಂಡು ಬರಬೇಕು.

"ಕಡದೆ" ಅಂದಳು. ಎಷ್ಟೋ ದಿನದ ಮೇಲೆ ಆಕೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಅವತ್ತು ನನ್ನ ಒಂದು ಕಾಯಿಯೂ ಹಣ್ಣಾಗಲಿಲ್ಲ. ಸೀತಾರಾವಮ್ಮ ಗೆದ್ದರು. ಅತ್ತೆ ಸೋತೂ ಗೆದ್ದವಳಂತೆ ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದಳು.

ಮರುದಿನ ಯಾರೂ ಕರೆಯದೆ ನಾನೇ ಹೋಗಿ ಕೂತೆ.

ಆಮೇಲೆ ಮಳೆಗಾಲವಿಡೀ ಆಡಿದೆವು. ಬಿದ್ದ ಕವಡೆಯ ಎಣಿಕೆ ಮನಸ್ಸಿನಲ್ಲೇ ಹಾಕುವುದನ್ನು, ಕಟ್ಟೆಯಿಂದ ಕಟ್ಟೆಗೆ ಹಾರುವುದನ್ನು, ಒಂದು ಕಾಯಿಯನ್ನು ಆಮಿಷಕ್ಕಿಟ್ಟು ಇನ್ನೊಂದನ್ನು ದಾಟಿಸುವುದನ್ನು ಕಲಿತೆ. ರಾತ್ರಿ ಮಲಗಿದಾಗ ಕಣ್ಣೆದುರು ಅದೇ ಚೌಕಗಳು. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದ ಮಾತು ನಾಲ್ಕೇ. ಹಾಕು. ನಡಸು. ಕಡದೆ. ಹಣ್ಣಾತು. ಆ ನಾಲ್ಕು ಮಾತಿನಲ್ಲಿ ಎಷ್ಟು ವಿಷ ಹಿಡಿಸುತ್ತದೆ ಎಂದು ನೀವು ನಂಬಲಾರಿರಿ. ಓಣಿಯ ಇಬ್ಬರು ಹೆಂಗಸರು ಬರುವುದನ್ನೇ ಬಿಟ್ಟರು. ಸೀತಾರಾವಮ್ಮ ಮಾತ್ರ ಒಮ್ಮೆ ಆಕೆಯ ಮುಖ, ಒಮ್ಮೆ ನನ್ನ ಮುಖ ನೋಡಿ, "ಅಬ್ಬೋ, ಏಂ ಕೋಪಂ ಅಮ್ಮಾ ನಿಮ್ದು! ಇದು ಆಟ ಅಲ್ಲ, ಕೋರ್ಟು" ಅನ್ನುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ನಾನು ಮೊದಲ ಸಲ ಗೆದ್ದದ್ದು ಗಣೇಶನ ಹಬ್ಬದ ಆಚೀಚೆ. ಗೆದ್ದದ್ದಷ್ಟೇ ಅಲ್ಲ, ಆಕೆಯ ಕೊನೆಯ ಕಾಯಿಯನ್ನು ಒಳಸುತ್ತಿನಲ್ಲಿ ಹಣ್ಣಿನ ಬಾಗಿಲಲ್ಲೇ ಕಡಿದೆ. ಕೈಯಿಂದ ಎತ್ತಲಿಲ್ಲ. ತೋರುಬೆರಳಿನಿಂದ ಚಿಮ್ಮಿದೆ. ಅದು ಹೊಸ್ತಿಲು ದಾಟಿ ಅಂಗಳದ ಕೆಸರಿಗೆ ಬಿತ್ತು.

ಅತ್ತೆ ನಾಲ್ಕೂ ಕವಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸೀತಾರಾವಮ್ಮನ ಕಡೆ ತಿರುಗಿದಳು. "ಕವಡಿ ಸರಿಯಾಗಿ ಉರುಳಿಲ್ಲ. ಅಕಿ ಕೈಯಾಗಿಂದ ಜಾರಿಸಿ ಬಿಟ್ಟಾಳ. ನೀವು ನೋಡಿದ್ರೋ ಇಲ್ಲೋ?"

"ನಾ ನೋಡ್ಲಿಲ್ಲಮ್ಮಾ" ಅಂದರು ಸೀತಾರಾವಮ್ಮ. ಕವಡೆ ಸರಿಯಾಗಿ ಉರುಳಿದ್ದನ್ನು ನೋಡಿದ್ದರು. ಆಕೆಯ ಮುಂದೆ ನೋಡಿದೆ ಎನ್ನುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಆ ರಾತ್ರಿ ನನ್ನ ತಾಟಿಗೆ ಬಿದ್ದದ್ದು ಹಿಂದಿನ ದಿನದ ರೊಟ್ಟಿ. ನಾನು ಅದನ್ನು ಕಟಕಟ ಸದ್ದು ಮಾಡುತ್ತ, ಆಕೆಗೆ ಕೇಳುವಂತೆ ತಿಂದೆ.

ದಸರೆ ಮುಗಿದ ಮೇಲೆ ಮಂಜು ಹೈದರಾಬಾದಿಗೆ ಟಿ.ವಿ. ಬಿಡಿಭಾಗ ತರಲು ಹೋದವನು ಒಂದು ವಿಡಿಯೋ ಗೇಮ್ ಡಬ್ಬಿ ತಂದ. ಬೂದು ಬಣ್ಣದ್ದು, ಮೇಲೆ ಕ್ಯಾಸೆಟ್ ಸಿಕ್ಕಿಸುವ ಬಾಯಿ, ಉದ್ದ ವೈರಿನ ತುದಿಗೆ ಕೈಯಲ್ಲಿ ಹಿಡಿಯುವ ಎರಡು ರಿಮೋಟು. ಅಂಗಡಿಯಲ್ಲಿಟ್ಟು ಹುಡುಗರಿಗೆ ಆಡಿಸಬೇಕೆಂಬುದು ಅವನ ಯೋಚನೆ. ಅಂಗಡಿಯ ಟಿ.ವಿ.ಯಲ್ಲಿ ಏನೋ ಕೆಟ್ಟು, ಒಂದೆರಡು ದಿನಕ್ಕೆಂದು ಮನೆಯ ಟಿ.ವಿ.ಗೆ ಹಚ್ಚಿದ. ಅದು ಮತ್ತೆ ಅಂಗಡಿಗೆ ಹೋಗಲೇ ಇಲ್ಲ.

"ಏನಲೇ ಇದು? ಸಣ್ಣ ಹುಡುಗ ಏನು ನೀ?" ಎಂದು ಅತ್ತೆ ಮೊದಲ ದಿನ ಬೈದಳು. ಎರಡನೆಯ ದಿನ ಜಪಮಣಿ ಹಿಡಿದು ಬದಿಗೆ ಕೂತು ನೋಡಿದಳು. ಮೂರನೆಯ ದಿನ ನಾನು ಬಾವಿಯಿಂದ ನೀರು ತಂದು ಒಳಗೆ ಕಾಲಿಟ್ಟರೆ, ಮನೆಯಲ್ಲಿ ಬೇರೆ ಯಾರೂ ಇಲ್ಲ, ಅತ್ತೆ ಟಿ.ವಿ. ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಟ್ಯಾಂಕಿನ ಆಟ ಆಡುತ್ತಿದ್ದಳು.

ಆ ಆಟದಲ್ಲಿ ಕೆಳಗೆ ಇಟ್ಟಿಗೆ ಗೋಡೆಯೊಳಗೆ ಒಂದು ಹಕ್ಕಿಯ ಗುರುತು. ಮೇಲಿನಿಂದ ವೈರಿಗಳ ಟ್ಯಾಂಕುಗಳು ಗುಂಡು ಹೊಡೆಯುತ್ತ ಇಳಿದು ಬರುತ್ತವೆ. ನಾವು ನಮ್ಮ ಟ್ಯಾಂಕು ಓಡಿಸಿ ಅವನ್ನು ಹೊಡೆದು ಹಕ್ಕಿಯನ್ನು ಉಳಿಸಬೇಕು. ಅಕ್ಷರ ಬಾರದ, ಗಡಿಯಾರ ನೋಡಲೂ ಬಾರದ ಅತ್ತೆಗೆ ಅದು ಒಂದು ವಾರದಲ್ಲಿ ಕೈಗೆ ಹತ್ತಿತು. ಟ್ಯಾಂಕು ಎಡಕ್ಕೆ ತಿರುಗಿದರೆ ಆಕೆಯೂ ಎಡಕ್ಕೆ ವಾಲುತ್ತಿದ್ದಳು. ರಿಮೋಟಿನ ಗುಂಡಿಯನ್ನು ಹೇನು ಕುಕ್ಕಿದಂತೆ ಕುಕ್ಕುತ್ತಿದ್ದಳು. "ಸಾಯಿ ಮೂಳಾ, ಸಾಯಿ! ನನ್ನ ಮನಿ ಮುಂದ ಬರ್ತಿ?" ಎಂದು ಆಕೆ ಕೂಗಿದರೆ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಒಬ್ಬಳೇ ಆಡಿದರೆ ಕೆಲವು ಹಂತಗಳಾಚೆ ದಾಟಲು ಆಗುತ್ತಿರಲಿಲ್ಲ. ಮಂಜು ಅಂಗಡಿಯಲ್ಲಿ, ಮಗ ಬಸ್ಸಿನಲ್ಲಿ. ಒಂದು ಮಧ್ಯಾಹ್ನ ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಅತ್ತೆ ಎರಡನೆಯ ರಿಮೋಟನ್ನು ನೆಲದ ಮೇಲೆ ನನ್ನ ಕಡೆ ಜಾರಿಸಿದಳು. ಮುಖ ಮಾತ್ರ ಟಿ.ವಿ. ಕಡೆಗೇ ಇತ್ತು. ನಾನು ಸ್ವಲ್ಪ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ ಮೊರ ಬದಿಗಿಟ್ಟು ತೆಗೆದುಕೊಂಡೆ. ಹಳದಿ ಟ್ಯಾಂಕು ಆಕೆಯದು, ಹಸಿರು ನನ್ನದು.

ಆ ಆಟದಲ್ಲಿ ಜೊತೆಗಾರನ ಗುಂಡು ತಗುಲಿದರೆ ಸಾಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ಟ್ಯಾಂಕು ಕಲ್ಲಾಗಿ ಮಿಣಮಿಣ ಅನ್ನುತ್ತ ನಿಂತುಬಿಡುತ್ತದೆ. ಅಷ್ಟರಲ್ಲಿ ವೈರಿ ಬಂದು ಹೊಡೆಯುತ್ತಾನೆ. ಅತ್ತೆಗೆ ಇದು ಮೊದಲ ದಿನವೇ ಗೊತ್ತಾಯಿತು. ಬೇಕೆಂದೇ ನನ್ನ ಬೆನ್ನಿಗೆ ಹೊಡೆದು, ನಾನು ಕಲ್ಲಾಗಿ ನಿಂತಾಗ ಪಕ್ಕಕ್ಕೆ ಸರಿದು ವೈರಿಗೆ ದಾರಿ ಬಿಡುತ್ತಿದ್ದಳು. ನಾನೂ ಸುಮ್ಮನಿರಲಿಲ್ಲ. ಆಕೆ ಮೇಲಿನ ಮೂಲೆಯಲ್ಲಿ ಕಾದಾಡುತ್ತಿರುವಾಗ ನಾನು ನಿಧಾನ ತಿರುಗಿ ನಮ್ಮದೇ ಹಕ್ಕಿಯ ಮುಂದಿನ ಇಟ್ಟಿಗೆ ಒಡೆದು, ಹಕ್ಕಿಗೇ ಗುಂಡು ಹೊಡೆದುಬಿಡುತ್ತಿದ್ದೆ. ಇಬ್ಬರೂ ಸೋತಂತೆ. ಆಕೆ ಹಲ್ಲು ಕಡಿಯುತ್ತಿದ್ದಳು. ನಾನು ಎದ್ದು ಅವರೆಕಾಯಿಗೆ ಹೋಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ರಿಮೋಟು ನೆಲದ ಮೇಲೆ ಜಾರಿ ಬರುತ್ತಿತ್ತು.

ಒಂದೇ ಒಂದು ದಿನ ಬೇರೆ ರೀತಿ ನಡೆಯಿತು. ಗದ್ದೆಗಳಲ್ಲಿ ಭತ್ತದ ಕೊಯ್ಲು, ಊರ ತುಂಬ ಹುಲ್ಲಿನ ಧೂಳು, ಲಾರಿಗಳ ಸದ್ದು. ಅವತ್ತು ಕರೆಂಟೂ ಹೋಗಲಿಲ್ಲ. ಹೇಗೋ ಏನೋ, ಆಕೆ ಎಡಗಡೆ ಕಾದಳು, ನಾನು ಬಲಗಡೆ ಕಾದೆ. ಒಬ್ಬರಿಗೊಬ್ಬರು ಅಡ್ಡ ಬರಲಿಲ್ಲ. ಮಂಜು ಕೂಡ ನೋಡಿರದ ಹೊಸ ಹೊಸ ಹಂತಗಳು ಬರತೊಡಗಿದವು. "ಬಲಕ್ಕ ಒಂದು" ಎಂದಳು. ಹೊಡೆದೆ. "ಹಿಂದ, ಹಿಂದ" ಎಂದೆ. ತಿರುಗಿ ಹೊಡೆದಳು. ಒಲೆಯ ಮೇಲೆ ಸಾರು ಕುದಿಕುದಿದು ಬತ್ತಿದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.

ಆಗ ಮಂಜು ಊಟಕ್ಕೆಂದು ಒಳಗೆ ಬಂದ. ನಿಂತು ನೋಡಿ ಬಾಯಿ ತೆರೆದ. "ಅಲಾ ಇವ್ರ! ಅತ್ತಿ ಸೊಸಿ ಎಷ್ಟು ಚಂದ ಜೋಡಿ ಆಗಿ ಆಡಾಕತ್ತೀರಿ! ಅಣ್ಣ ನೋಡಿದ್ರ ದೇವರಿಗೆ ಕಾಯಿ ಒಡಿತಿದ್ದ."

ಅತ್ತೆಯ ಕೈ ನಿಂತಿತು. ಹಳದಿ ಟ್ಯಾಂಕು ಮೆಲ್ಲಗೆ ಕೆಳಗೆ ತಿರುಗಿ, ಇಟ್ಟಿಗೆ ಒಡೆದು, ಹಕ್ಕಿಯನ್ನು ಹೊಡೆಯಿತು.

"ಜೋಡಿಯಂತ, ಜೋಡಿ" ಎಂದು ರಿಮೋಟು ಬಿಸಾಕಿ ಎದ್ದಳು. "ಸಾರು ಸೀದೈತಿ, ಉಣ್ಣು ಹೋಗು."

ಸಂಕ್ರಾಂತಿ ಕಳೆದು ಬಿಸಿಲು ಏರುವ ಹೊತ್ತಿಗೆ ಗುರುಗುಂಟಾದವರೊಬ್ಬರ ಕೈಯಲ್ಲಿ ಅಪ್ಪ ಹೇಳಿಕಳಿಸಿದ. ಮತ್ತೆ ಇಂಟರ್‌ವ್ಯೂ ಬಂದಿದೆ, ರಾಯಚೂರಿನಲ್ಲಿ, ಬರುವ ಸೋಮವಾರ. ಈ ಸಲ ತಾನು ಬರುವುದಿಲ್ಲ, ಕಾರ್ಡು ಕಳಿಸಿದ್ದೇನೆ ಎಂದು. ಬರುವುದಿಲ್ಲ ಅನ್ನುವ ಮಾತು ಎದೆಗೆ ತಾಗಿತು. ನಾನು ಗಂಡನಿಗೆ ಹೇಳಿದೆ. ಅವರು ಎಂದಿನಂತೆ ಗೂಟದ ಮೇಲಿನ ಅಂಗಿ ನೋಡಿದರು.

"ಕೇಳಾಕತ್ತಿಲ್ಲ ನಾ" ಅಂದೆ. "ಹೇಳಾಕತ್ತೀನಿ."

ಮನೆಯಲ್ಲಿ ಸುದ್ದಿ ಹಬ್ಬಿತು. ಮಧ್ಯಾಹ್ನ ಸೀತಾರಾವಮ್ಮ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಅವರು ಅತ್ತೆಗೆ ಬುದ್ಧಿ ಹೇಳಲು ನೋಡಿದರು. "ಹೋಗ್ಲಿ ಬಿಡಮ್ಮಾ. ಸರಕಾರಿ ನೌಕರಿ. ಮಂದಿಗೆ ಬೇಕಂದ್ರೂ ಸಿಗಲ್ಲ. ನಿಮಗೇನು ತ್ರಾಸು?"

ಅತ್ತೆ ದನಿ ತಗ್ಗಿಸದೆ, ನನಗೂ ಕೇಳಲಿ ಎಂಬಂತೆ ಅಂದಳು: "ಮಂದಿ ಏನಂತಾರ ಅಂತ ಅಲ್ರಿ. ನಾಳೆ ಅಕಿ ಪಗಾರ ತಂದಳು ಅಂದ್ರ ಈ ಮನ್ಯಾಗ ನನ್ನ ಮಾತು ಯಾರು ಕೇಳ್ತಾರ? ನಾ ಬಗ್ಗಿ ದುಡಿದು ಈ ಮನಿ ಕಟ್ಟೀನಿ. ಕುಂತು ಆಳಾಕ ಕಟ್ಟೀನಿ. ಅಕಿ ಕೈಗೆ ಕೊಡಾಕಲ್ಲ."

ಒಳಗೆ ನಿಂತು ಕೇಳಿದ ನನಗೆ ಸಿಟ್ಟು ಬರಲಿಲ್ಲ. ಇಡೀ ವರ್ಷದಲ್ಲಿ ಆ ಮನೆಯಲ್ಲಿ ಯಾರಾದರೂ ಆಡಿದ ನಿಜವಾದ ಮಾತು ಅದೊಂದೇ. ಮರ್ಯಾದೆ, ಬಸ್ಸು, ಮಗನ ಕೈಲಾಗದತನ ಎಲ್ಲ ಸುಳ್ಳು ಎಂದು ನನಗೆ ಮೊದಲೇ ಗೊತ್ತಿತ್ತು. ಆಕೆ ಒಪ್ಪಿಕೊಂಡದ್ದರಿಂದ ನನ್ನ ಕೈಗಳೂ ಹಗುರಾದವು. ಇನ್ನು ಗೌರವದ ನಾಟಕ ಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ತಲೆ ಬಾಚಿಕೊಂಡು, ಮದುವೆಯ ಸೀರೆಗಳಲ್ಲಿ ಒಂದನ್ನು ಉಟ್ಟುಕೊಂಡು ಹೊರಗೆ ಬಂದೆ. ಅತ್ತೆ ಪಡಸಾಲೆಯಲ್ಲಿ ಆಟದ ಮನೆಯ ಮುಂದೆ ಕೂತಿದ್ದಳು. ಕಾಯಿಗಳನ್ನು ಎರಡು ಮಗ್ಗುಲಿಗೂ ಜೋಡಿಸಿ ಇಟ್ಟಿದ್ದಳು. ಇಬ್ಬರಿಗಷ್ಟೇ.

"ಕೂಡು" ಅಂದಳು. "ಒಂದ ಆಟ. ನೀ ಗೆದ್ರ ಹೋಗು, ನಾ ಒಂದು ಮಾತು ಆಡಂಗಿಲ್ಲ. ನಾ ಗೆದ್ರ ಆ ಕಾರ್ಡು ಒಲಿಗೆ ಹಾಕು."

ಒಂದು ಕ್ಷಣ ಕೂರಬೇಕೆನಿಸಿತು. ಸುಳ್ಳು ಹೇಳುವುದಿಲ್ಲ. ಆ ಹೊತ್ತಿಗೆ ಆಕೆಗಿಂತ ನನ್ನ ಕೈ ಮೇಲಾಗಿತ್ತು. ಗೆಲ್ಲುತ್ತಿದ್ದೆನೇನೋ. ಗೆದ್ದು ಆಕೆಯ ಮುಖ ನೋಡುವ ಆಸೆ ಬಾಯಲ್ಲಿ ನೀರೂರಿಸಿತು. ಆದರೆ ಗೆದ್ದರೆ ಕವಡೆ ಸರಿಯಾಗಿ ಉರುಳಿಲ್ಲ ಅನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಕೂತರೆ ನನ್ನ ನೌಕರಿ ಆಕೆ ಕೊಟ್ಟದ್ದಾಗುತ್ತಿತ್ತು.

"ನನ್ನ ನೌಕರಿ ನಿಮ್ಮ ಕವಡಿ ಮ್ಯಾಲ ಇಲ್ರಿ" ಅಂದೆ. ಆಟದ ಹೊರಗೆ, ಆ ವರ್ಷ, ನಾನು ಆಕೆಗೆ ನೇರ ಆಡಿದ ಮೊದಲ ಮಾತು.

"ಸೋಲ್ತೀನಂತ ಅಂಜಿಕಿ."

"ಹೌದನ್ಕೋರಿ."

ಆಕೆ ಎದ್ದು ಹೋಗಿ ಹೊಸ್ತಿಲ ಮೇಲೆ ಕೂತಳು. ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದಳು. "ಹೋಗು ನೋಡೂಣು" ಅಂದಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಸೀತಾರಾವಮ್ಮ ತಮ್ಮ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದವರು ಹಾಗೇ ನಿಂತರು. ನಾನು ಸೀರೆಯನ್ನು ಹಿಡಿದೆತ್ತಿ, ಆಕೆಯ ಬಲಗೈಯ ಮೇಲಿನಿಂದ ಕಾಲು ಹಾಕಿ ದಾಟಿದೆ. ನನ್ನ ಸೀರೆಯ ನಿರಿಗೆ ಆಕೆಯ ಮುಖಕ್ಕೆ ತಾಕಿತು. ಹಿಂದಿನಿಂದ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ತಿರುಗಿ ನೋಡದೆ ನಡೆದೆ.

ಸಿಕ್ಕಿದ ರಾಯಚೂರಿನ ಬಸ್ಸು ಹತ್ತಿದೆ. ಹತ್ತಿದ ಮೇಲೆ ನೋಡಿದರೆ ನನ್ನ ಗಂಡನದೇ ಬಸ್ಸು. ತುಂಬಿ ತುಳುಕುತ್ತಿತ್ತು. ಅವರು ಜನರ ನಡುವೆ ನುಗ್ಗುತ್ತ ಟಿಕೆಟ್ ಹರಿಯುತ್ತ ಬಂದರು. ನನ್ನ ಮುಂದೆ ನಿಂತು ಮುಖ ಬಿಳಿ ಮಾಡಿಕೊಂಡರು.

"ಅವ್ವ ಏನಂದ್ಲು?"

"ರಾಯಚೂರು ಒಂದು" ಅಂದೆ.

"ನೀಲಾ, ಅವ್ವ..."

"ಟಿಕೆಟ್ ಕೊಡ್ರಿ. ಹಿಂದ ಮಂದಿ ನಿಂತಾರ."

ಪಕ್ಕದಲ್ಲಿದ್ದ ಮುದುಕನೊಬ್ಬ ನಮ್ಮಿಬ್ಬರನ್ನೂ ಮಿಕಮಿಕ ನೋಡಿದ. ನನ್ನ ಗಂಡ ಟಿಕೆಟ್ ಹರಿದು ಕೊಟ್ಟರು. ಎರಡು ಹೆಜ್ಜೆ ಮುಂದೆ ಹೋಗಿ, ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಒಬ್ಬನಿಗೆ, "ಏಳಪಾ, ಹೆಣ್ಮಕ್ಕಳ ಸೀಟು ಅದು. ಓದಾಕ ಬರ್ತೈತಿಲ್ಲೋ ನಿನಗ?" ಎಂದು ಗದರಿದರು. ನಾನು ಹೋಗಿ ಕೂತೆ. ಆ ವರ್ಷ ಅವರು ನನ್ನ ಪರವಾಗಿ ಮಾಡಿದ ಕೆಲಸ ಅದೊಂದೇ. ಇವತ್ತಿಗೂ ನಾನು ಅದನ್ನು ಮರೆತಿಲ್ಲ. ಅದೊಂದೇ ಅನ್ನುವುದನ್ನೂ ಮರೆತಿಲ್ಲ.

ನೌಕರಿ ಆಯಿತು. ಮಸ್ಕಿಯ ಹತ್ತಿರದ ಶಾಲೆ ಸಿಕ್ಕಿತು. ಸುದ್ದಿ ಕೇಳಿ ಅಪ್ಪ ಮಸ್ಕಿಗೇ ನೇರ ಹೋಗಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಸುಣ್ಣ ಬಳಿಸಿ, ಬೀಗ ಹಾಕಿ, ಕೀಲಿಯನ್ನು ಕಳಿಸಿದ. ಸಿಂಧನೂರಿನ ಆ ಮನೆಯ ಮೆಟ್ಟಿಲನ್ನು ಅವನು ಮತ್ತೆ ತುಳಿಯಲಿಲ್ಲ. ಮಸ್ಕಿಯ ಮೇಲೆ ಹೋಗುವ ಬಸ್ಸಿಗೆ ಡ್ಯೂಟಿ ಹಾಕಿಸಿಕೊಳ್ಳುತ್ತೇನೆ, ಅಲ್ಲೇ ಇಳಿಯುತ್ತೇನೆ ಎಂದು ನನ್ನ ಗಂಡ ಅವ್ವನಿಗೆ ಹೇಳಿದ್ದು ತಲೆ ಬಗ್ಗಿಸಿಯೇ, ಆದರೆ ಹೇಳಿದರು.

ಶಾಲೆ ಶುರುವಾಗುವ ವಾರ, ಮೊದಲ ಮಳೆ ಬೀಳುವ ಮುಂಚೆ, ನಾನು ಹೊರಟೆ. ಬೆಳಗಿನ ಹೊತ್ತು. ಮಂಜು ಟ್ರಂಕು ಹೊರಲು ರಿಕ್ಷಾ ತರಲು ಹೋಗಿದ್ದ. ಅತ್ತೆ ಟಿ.ವಿ. ಮುಂದೆ ಕೂತು ಟ್ಯಾಂಕಿನ ಆಟ ಆಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಹೋಗಿ ಬರುತ್ತೇನೆ ಅನ್ನಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಾಗ ಆಕೆಯೇ ಮಾತಾಡಿದಳು, ಹಿಂದೆ ತಿರುಗದೆ.

"ಈ ಡಬ್ಬಿ ಒಯ್ಯಬ್ಯಾಡ."

"ನನಗ್ಯಾಕ ಬೇಕ್ರಿ ಅದು" ಅಂದೆ.

"ಹಂಗಾರ ಹೋಗು."

ಆಗ ನನ್ನ ಕಣ್ಣು ಪರದೆಯ ಮೇಲೆ ಹೋಯಿತು. ಆಕೆ ಒಬ್ಬಳೇ ಕೂತಿದ್ದರೂ ಇಬ್ಬರ ಆಟ ಹಾಕಿದ್ದಳು. ಎರಡನೆಯ ರಿಮೋಟು ನೆಲದ ಮೇಲೆ ಬಿದ್ದಿತ್ತು. ಹಸಿರು ಟ್ಯಾಂಕು ಹಕ್ಕಿಯ ಬಲಕ್ಕೆ ಅಲುಗಾಡದೆ ನಿಂತಿತ್ತು. ಮೇಲಿನಿಂದ ವೈರಿಗಳು ಇಳಿದು ಬರುತ್ತಿದ್ದರು. ಅತ್ತೆ ಅವರ ಕಡೆ ನೋಡಲಿಲ್ಲ. ಹಳದಿ ಟ್ಯಾಂಕನ್ನು ತಿರುಗಿಸಿ ತಂದು ಹಸಿರಿನ ಎದುರಿಗೆ ನಿಲ್ಲಿಸಿ ಗುಂಡು ಹೊಡೆದಳು. ಅದು ಮಿಣಮಿಣ ಅಂದಿತು. ಆ ಮಿಣುಕು ನಿಲ್ಲುವವರೆಗೆ ಕಾದು, ಮತ್ತೆ ಹೊಡೆದಳು.

ರಿಕ್ಷಾ ಬಂತು. ಟ್ರಂಕಿನ ಒಂದು ಕಿವಿ ಮಂಜು ಹಿಡಿದ, ಇನ್ನೊಂದು ನಾನು ಹಿಡಿದೆ. ಅಂಗಳ ದಾಟಿ ಬೀದಿಗೆ ಬಂದರೂ ಗುಂಡಿನ ಸದ್ದು ಕೇಳುತ್ತಲೇ ಇತ್ತು.